ಮೂಲಿಕೆಗಳ ಮಹಾಗ್ರಂಥ

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ದಾಬಸ್‌ಪೇಟೆ ಎಂಬ ಊರಿದೆ. ನೆಲಮಂಗಲ ತಾಲ್ಲೂಕಿಗೆ ಸೇರಿದ ಈ ಊರಿಗೆ ಆ ಹೆಸರು ಬಂದುದು ಡಾಬ್ಸ್ ಎಂಬ ಬ್ರಿಟಿಷ್ ಅಧಿಕಾರಿಯಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸೀಮೆಯ ಆಡಳಿತವು ಬ್ರಿಟಿಷ್ ಕಮಿಷನರರ ಕೈಯಲ್ಲಿದ್ದಾಗ ಅವನು ಇಲ್ಲಿ ಅಧಿಕಾರ ನಡೆಸಿದವನು. ಊರಿಗೆ ಸಮೀಪದಲ್ಲಿಯೇ ಶಿವಗಂಗೆಯ ಬೆಟ್ಟವಿದೆ. ಬೆಟ್ಟದ ತಪ್ಪಲಿನ ಹೊಲಗಳ ಬದುಗಳಲ್ಲಿ, ಬೇಲಿಸಾಲುಗಳಲ್ಲಿ ಹೊಂಗೆ, ಕಕ್ಕೆ, ಲಕ್ಕಿ, ಎಕ್ಕ, ತುಂಬೆ, ನೆಲನೆಲ್ಲಿ, ಅಮೃತಬಳ್ಳಿಗಳು ಯಾರ ಆರೈಕೆಯೂ ಇಲ್ಲದೆ ಬೆಳೆಯುತ್ತವೆ. ಮೈಕೈ ನೋವಿಗೆ ಲಕ್ಕಿಯ ಸೊಪ್ಪಿನ ಶಾಖ, ಕಾಮಾಲೆಗೆ ನೆಲನೆಲ್ಲಿ, ಜ್ವರಕ್ಕೆ ಅಮೃತಬಳ್ಳಿಯ ಕಷಾಯ ಎಂದು ನಮ್ಮ ಹಳ್ಳಿಗಳ ಹಿರಿಯರು ಹೇಳುತ್ತ ಬಂದಿದ್ದಾರೆ. ಊರಿಗೆ ಹೆಸರು ಬಂದ ಬಗೆಯನ್ನು ನಾವು ಬಲ್ಲೆವು. ಆದರೆ ನೆಲನೆಲ್ಲಿಯನ್ನು ಮದ್ದೆಂದು ಮೊದಲು ಬಳಸಿದವರು ಯಾರು? ಅಮೃತಬಳ್ಳಿಯ ಗುಣವನ್ನು ಮೊದಲು ಅರಿತವರು ಯಾರು? ಅವರ ಹೆಸರು ಯಾವ ದಾಖಲೆಯಲ್ಲಿಯೂ ಇಲ್ಲ.

ಇದು ನಮ್ಮ ನಾಡಿನ ಮಾತು ಮಾತ್ರವಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ ಪ್ರದೇಶದ ಜನರು ಸಿಂಕೋನ ಮರದ ತೊಗಟೆಯನ್ನು ಬಲ್ಲವರಾಗಿದ್ದರು. ಹದಿನೇಳನೆಯ ಶತಮಾನದಲ್ಲಿ ಕ್ರೈಸ್ತ ಪಾದ್ರಿಗಳು ಅದನ್ನು ಯೂರೋಪಿಗೆ ಒಯ್ದರು. 1820ರಲ್ಲಿ ಫ್ರಾನ್ಸಿನ ಇಬ್ಬರು ರಸಾಯನ ವಿಜ್ಞಾನಿಗಳು ಆ ತೊಗಟೆಯಿಂದ ಕ್ವಿನೈನನ್ನು ಬೇರ್ಪಡಿಸಿದರು. ಮಲೇರಿಯಾ ಜ್ವರದಿಂದ ಲಕ್ಷಾಂತರ ಜನರನ್ನು ಉಳಿಸಿದ ಮದ್ದು ಅದು. ಇಂಗ್ಲೆಂಡಿನಲ್ಲಿ ವಿದರಿಂಗ್ ಎಂಬ ವೈದ್ಯನು ಹಳ್ಳಿಯ ಮನೆಮದ್ದೊಂದನ್ನು ಪರೀಕ್ಷಿಸಿ, ಡಿಜಿಟಾಲಿಸ್ ಗಿಡದ ಎಲೆಯಿಂದಾಗುವ ಪ್ರಯೋಜನವನ್ನು ಕುರಿತು 1785ರಲ್ಲಿ ಗ್ರಂಥವನ್ನು ಬರೆದನು. ಅದರಿಂದ ಹೃದ್ರೋಗಕ್ಕೆ ಔಷಧ ದೊರೆಯಿತು. ಹೀಗೆ ಲೋಕದ ಎಲ್ಲ ಕಡೆಗಳಲ್ಲಿಯೂ ಮೂಲಿಕೆಗಳ ಜ್ಞಾನವು ಹೆಸರಿಲ್ಲದ ಜನರಿಂದ ಹುಟ್ಟಿ, ನಾಲಗೆಯಿಂದ ನಾಲಗೆಗೆ ಹರಿದು ಬಂದಿದೆ. ಕನ್ನಡದಲ್ಲಿ ಕೀರ್ತಿವರ್ಮನ ಗೋವೈದ್ಯ, ಮಂಗರಾಜನ ಖಗೇಂದ್ರಮಣಿದರ್ಪಣದಂತಹ ವೈದ್ಯಗ್ರಂಥಗಳು ಹಿಂದೆಯೇ ರಚಿತವಾಗಿದ್ದುವು. ಆದರೂ ಹೇಳುವವರು ಅಳಿದಾಗ ಅವರೊಡನೆ ಅಳಿದುಹೋದ ತಿಳಿವಳಿಕೆಯು ಬಹಳ.

ಇಂತಹ ತಿಳಿವಳಿಕೆಯನ್ನು ಅದನ್ನು ಬಲ್ಲವರ ಬಾಯಿಂದಲೇ ಕೇಳಿ, ಚಿತ್ರಸಹಿತವಾಗಿ ಬರೆಯಿಸಿ, ಹೇಳಿದವರ ಹೆಸರುಗಳನ್ನೂ ಅಚ್ಚು ಮಾಡಿಸಿದ ಪುರುಷನೊಬ್ಬನು ಹದಿನೇಳನೆಯ ಶತಮಾನದಲ್ಲಿ ನಮ್ಮ ಪಶ್ಚಿಮ ಕರಾವಳಿಯಲ್ಲಿ ಇದ್ದನು. ಅವನು ವೈದ್ಯನಲ್ಲ, ಸಸ್ಯಶಾಸ್ತ್ರವನ್ನು ಓದಿದವನೂ ಅಲ್ಲ. ಕತ್ತಿ ಹಿಡಿದು ಬಂದ ಸಿಪಾಯಿ. ಅವನ ಹೆಸರು ಹೆಂಡ್ರಿಕ್ ವಾನ್ ರೀಡ್.

ವಾನ್ ರೀಡ್ 1636ರ ಏಪ್ರಿಲ್ 13ರಂದು ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಜನಿಸಿದನು. ಅವನದು ಪ್ರತಿಷ್ಠಿತವಾದ ಮನೆತನ. ಆದರೆ ಹುಡುಗನ ಭಾಗ್ಯ ಅಷ್ಟು ಒಳ್ಳೆಯದಾಗಿರಲಿಲ್ಲ. ತಾಯಿತಂದೆಗಳನ್ನು ಬಾಲ್ಯದಲ್ಲಿಯೇ ಕಳೆದುಕೊಂಡ ಅವನು ತನ್ನ ಹದಿನಾಲ್ಕನೆಯ ವಯಸ್ಸಿನಲ್ಲಿ ಮನೆಯನ್ನು ಬಿಟ್ಟನು. ಕ್ರಮಬದ್ಧವಾದ ಉನ್ನತ ವಿದ್ಯಾಭ್ಯಾಸಕ್ಕೆ ಅವನಿಗೆ ಅವಕಾಶ ದೊರೆಯಲಿಲ್ಲ. ಅಂದಿನ ವಿದ್ವಾಂಸರ ಭಾಷೆಯಾದ ಲ್ಯಾಟಿನ್ನಿನಲ್ಲಿ ಪಾಂಡಿತ್ಯವೂ ಅವನಿಗೆ ಒದಗಲಿಲ್ಲ. ಇಪ್ಪತ್ತರ ಹರೆಯದಲ್ಲಿ ಅವನು ಡಚ್ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆ ಸೇರಿ, ಹಡಗನ್ನೇರಿ ಪೂರ್ವದೇಶಗಳ ಕಡೆಗೆ ಹೊರಟನು.

ಆ ಕಾಲದಲ್ಲಿ ಕಾಳುಮೆಣಸಿಗಾಗಿ ಯೂರೋಪಿನ ರಾಷ್ಟ್ರಗಳು ತಮ್ಮತಮ್ಮಲ್ಲಿ ಹೋರಾಡುತ್ತಿದ್ದುವು. ಕನ್ನಡ ಕರಾವಳಿಯ ಬಹುಭಾಗ ಕೆಳದಿಯ ನಾಯಕರ ಆಳ್ವಿಕೆಯಲ್ಲಿತ್ತು. ಬಸರೂರಿನ ಬಂದರಿನಲ್ಲಿ ಡಚ್ಚರು ಅಕ್ಕಿ ಮೆಣಸುಗಳ ವ್ಯಾಪಾರಕ್ಕೆ ನಿಂತಿದ್ದರು. ಅಲ್ಲಿಂದ ದಕ್ಷಿಣಕ್ಕಿದ್ದ ಮಲಬಾರಿನಲ್ಲಿ, ಎಂದರೆ ಇಂದಿನ ಕೇರಳದ ತೀರದಲ್ಲಿ, ಪೋರ್ಚುಗೀಸರು ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಬೇರೂರಿದ್ದರು. ಅವರನ್ನು ಹೊರದೂಡಲು ಡಚ್ಚರು ನಡೆಸಿದ ದಂಡಯಾತ್ರೆಗಳಲ್ಲಿ ವಾನ್ ರೀಡ್ ಪಾಲುಗೊಂಡನು. ಕೊಚ್ಚಿಯ ಅರಮನೆಯ ಮೇಲೆ ದಾಳಿ ನಡೆದಾಗ ಅವನು ಅಲ್ಲಿನ ವೃದ್ಧ ರಾಣಿಯನ್ನು ಪ್ರಾಣಾಪಾಯದಿಂದ ಕಾಪಾಡಿದನೆಂದು ಹೇಳುತ್ತಾರೆ. 1663ರಲ್ಲಿ ಕೊಚ್ಚಿಯ ಕೋಟೆ ಡಚ್ಚರ ವಶವಾಯಿತು. ಹೊಸ ರಾಜನ ವಿಶ್ವಾಸವನ್ನು ಗಳಿಸಿದ ವಾನ್ ರೀಡ್ ಪದವಿಯಿಂದ ಪದವಿಗೇರಿ, 1670ರ ವೇಳೆಗೆ ಮಲಬಾರಿನಲ್ಲಿ ಡಚ್ ಕಂಪನಿಯ ಮುಖ್ಯಾಧಿಕಾರಿಯಾದನು.

ಈ ಅಧಿಕಾರವು ಹೂವಿನ ಹಾಸಿಗೆಯಾಗಿರಲಿಲ್ಲ. ಕಂಪನಿಗೆ ಬೇಕಾದುದು ಲಾಭ. ಮೆಣಸು ಪರರ ಪಾಲಾಗದಂತೆ ಕಾಯುವುದು, ರಾಜರುಗಳೊಡನೆ ಒಪ್ಪಂದ ಮಾಡಿಕೊಳ್ಳುವುದು, ಒಪ್ಪದವರನ್ನು ಬಲದಿಂದ ಒಪ್ಪಿಸುವುದು ಇವೇ ಅವನ ನಿತ್ಯದ ಕೆಲಸಗಳು. ವಾನ್ ರೀಡ್ ಈ ಕೆಲಸಗಳನ್ನೂ ಮಾಡಿದನು. ಅವನನ್ನು ಸಂತನೆಂದು ಬಣ್ಣಿಸಿದರೆ ಅದು ಚರಿತ್ರೆಗೆ ಮಾಡುವ ಅಪಚಾರವಾದೀತು. ಆದರೆ ಮೆಣಸಿನ ಬಳ್ಳಿಯ ಮೇಲಷ್ಟೇ ಕಣ್ಣಿಟ್ಟಿದ್ದ ಕಂಪನಿಯ ಅಧಿಕಾರಿಗಳ ನಡುವೆ ಅವನ ಕಣ್ಣು ಉಳಿದ ಗಿಡಮರಬಳ್ಳಿಗಳ ಮೇಲೂ ಹರಿಯಿತು. ಕಾಡಿನಲ್ಲಿ ಸಂಚರಿಸುವಾಗ ಒಂದೇ ಮರದ ಮೇಲೆ ಹಲವು ಬಗೆಯ ಬಳ್ಳಿಗಳೂ ಬಂದಳಿಕೆಗಳೂ ಹಬ್ಬಿರುವುದನ್ನು ಕಂಡು ಅವನು ಬೆರಗಾದನು. ಇಷ್ಟು ಸಮೃದ್ಧವಾದ ಸಸ್ಯಸಂಪತ್ತು ಜಗತ್ತಿನಲ್ಲಿ ಬೇರೆಲ್ಲಿಯೂ ಇರಲಾರದೆಂದು ಅವನಿಗೆ ತೋರಿತು.

ಬೆರಗಿನ ಜೊತೆಗೆ ಒಂದು ವ್ಯಾವಹಾರಿಕ ಪ್ರಶ್ನೆಯೂ ಅವನನ್ನು ಕಾಡಿತು. ಪೂರ್ವದೇಶಗಳಲ್ಲಿದ್ದ ಡಚ್ ಸಿಪಾಯಿಗಳು, ನಾವಿಕರು ಜ್ವರ, ಅತಿಸಾರ ಮುಂತಾದ ಕಾಯಿಲೆಗಳಿಗೆ ತುತ್ತಾಗುತ್ತಿದ್ದರು. ಅವರಿಗೆ ಬೇಕಾದ ಔಷಧಗಳು ಹಾಲೆಂಡಿನಿಂದ ಹಡಗುಗಳಲ್ಲಿ ಬರುತ್ತಿದ್ದುವು. ತಿಂಗಳುಗಟ್ಟಲೆ ಸಮುದ್ರದ ಮೇಲೆ ಸಾಗಿ ಬರುವಷ್ಟರಲ್ಲಿ ಅವು ಸತ್ವಗುಂದುತ್ತಿದ್ದುವು, ವೆಚ್ಚವೂ ಅಪಾರ. ಇದಕ್ಕಿಂತ ವಿಚಿತ್ರವಾದ ಸಂಗತಿ ಇನ್ನೊಂದಿತ್ತು. ಹಾಗೆ ಬರುತ್ತಿದ್ದ ಔಷಧಗಳಲ್ಲಿ ಕೆಲವು ಮೂಲತಃ ಭಾರತದ ಸರಕುಗಳೇ ಆಗಿದ್ದುವು. ಇಲ್ಲಿನ ಬೇರು, ತೊಗಟೆ, ಬೀಜಗಳು ವರ್ತಕರ ಕೈಯಿಂದ ಕೈಗೆ ದಾಟಿ ಯೂರೋಪನ್ನು ಸೇರಿ, ಅಲ್ಲಿಂದ ದುಬಾರಿಯಾಗಿ ಇಲ್ಲಿಗೇ ಹಿಂದಿರುಗುತ್ತಿದ್ದುವು. ಕೋಟೆಯ ಗೋಡೆಯ ಹೊರಗೆ ಬೆಳೆಯುವ ಗಿಡದಿಂದ ಊರಿನ ವೈದ್ಯನು ಗುಣಪಡಿಸುವ ರೋಗಕ್ಕೆ ಸಾವಿರಾರು ಮೈಲಿಗಳಾಚೆಯಿಂದ ಮದ್ದನ್ನು ತರಿಸುವುದು ಯಾವ ಜಾಣತನ ಎಂದು ವಾನ್ ರೀಡ್ ಯೋಚಿಸಿದನು. ಇಲ್ಲಿನ ಮೂಲಿಕೆಗಳನ್ನು ಇಲ್ಲಿನವರಿಂದಲೇ ತಿಳಿದುಕೊಳ್ಳಬೇಕೆಂದು ನಿಶ್ಚಯಿಸಿದನು.

1674ರ ಸುಮಾರಿಗೆ ಈ ಕಾರ್ಯ ಆರಂಭವಾಯಿತು. ಮ್ಯಾಥ್ಯೂ ಎಂಬ ಇಟಲಿಯ ಪಾದ್ರಿಯೊಬ್ಬರು ಆಗ ಮಲಬಾರಿನಲ್ಲಿದ್ದರು. ಪೂರ್ವದೇಶಗಳಲ್ಲಿ ಸಂಚರಿಸಿ ಗಿಡಗಳ ಚಿತ್ರಗಳನ್ನು ಬರೆದಿಟ್ಟುಕೊಂಡಿದ್ದ ಅವರು ಮೊದಲಿಗೆ ನೆರವಾದರು. ಆದರೆ ಅವರ ಚಿತ್ರಗಳಲ್ಲಿ ಕೊರತೆಗಳಿದ್ದುವು. ಒಬ್ಬಿಬ್ಬರಿಂದ ಆಗುವ ಕೆಲಸ ಇದಲ್ಲವೆಂದು ವಾನ್ ರೀಡ್ ಅರಿತನು. ಕೊಚ್ಚಿಯ ರಾಜ, ಕಲ್ಲಿಕೋಟೆಯ ಸಾಮೂದಿರಿ ಮೊದಲಾದ ಅರಸರ ಸಹಾಯವನ್ನು ಕೋರಿದನು. ಗಿಡಮೂಲಿಕೆಗಳನ್ನು ಬಲ್ಲ ಜನರು ಕಾಡುಮೇಡುಗಳಿಗೆ ಹೊರಟರು. ಒಂದೇ ಗಿಡದ ಎಲೆ, ಹೂ, ಕಾಯಿಗಳು ಬೇರೆ ಬೇರೆ ಋತುಗಳಲ್ಲಿ ಕಾಣಿಸಿಕೊಳ್ಳುತ್ತವೆ. ಆದುದರಿಂದ ಒಂದೇ ಮರದ ಬಳಿಗೆ ಹಲವು ಬಾರಿ ಹೋಗಬೇಕಾಗುತ್ತಿತ್ತು. ಎತ್ತರವಾದ ಮರಗಳ ತುದಿಯ ಹೂಗಳನ್ನು ಕೊಯ್ಯಲು ಮರ ಹತ್ತುವುದರಲ್ಲಿ ನಿಪುಣರಾದವರು ಬೇಕಾದರು. ಇನ್ನೂರು ಜನರವರೆಗೆ ಈ ಸಂಗ್ರಹಕಾರ್ಯದಲ್ಲಿ ತೊಡಗಿದ್ದರೆಂದು ತಿಳಿದುಬರುತ್ತದೆ. ತಂದ ಗಿಡಗಳು ಬಾಡುವ ಮುನ್ನವೇ ಚಿತ್ರಕಾರರು ಅವುಗಳ ಚಿತ್ರವನ್ನು ಬರೆಯುತ್ತಿದ್ದರು. ಬೇರು, ಕಾಂಡ, ಎಲೆ, ಮೊಗ್ಗು, ಹೂ, ಕಾಯಿ, ಬೀಜ ಯಾವುದೂ ಬಿಟ್ಟುಹೋಗಕೂಡದೆಂಬುದು ವಾನ್ ರೀಡನ ಕಟ್ಟಪ್ಪಣೆಯಾಗಿತ್ತು.

ಚಿತ್ರವನ್ನು ಕಣ್ಣು ನೋಡಿ ಬರೆಯಬಹುದು. ಗಿಡದ ಗುಣವನ್ನು ಬಲ್ಲವರು ಹೇಳದೆ ತಿಳಿಯುವುದು ಹೇಗೆ? ಇಲ್ಲಿಯೇ ಈ ಕಥೆಯ ಮುಖ್ಯ ಪಾತ್ರಗಳು ಕಾಣಿಸಿಕೊಳ್ಳುತ್ತವೆ. ಚೇರ್ತಲೆಯ ಬಳಿಯ ಕಡಕ್ಕರಪ್ಪಳ್ಳಿ ಎಂಬ ಊರಿನಲ್ಲಿ ಕೊಲ್ಲಾಟ್ ಎಂಬ ಮನೆತನವಿತ್ತು. ಈಳವ ಕುಲಕ್ಕೆ ಸೇರಿದ ಈ ಮನೆತನದವರು ತಲೆಮಾರುಗಳಿಂದ ವೈದ್ಯರು. ಆ ಮನೆತನದ ಇಟ್ಟಿ ಅಚ್ಯುತನ್ ಎಂಬುವನು ಹೆಸರಾಂತ ವೈದ್ಯನಾಗಿದ್ದನು. ಅವನ ಬಳಿ ಪೂರ್ವಜರು ಬರೆದಿಟ್ಟಿದ್ದ ವೈದ್ಯದ ಹೊತ್ತಗೆಯಿತ್ತು. ಯಾವ ಗಿಡಕ್ಕೆ ಯಾವ ಹೆಸರು, ಯಾವ ಭಾಗ ಯಾವ ರೋಗಕ್ಕೆ ಮದ್ದು, ಅದನ್ನು ಸಿದ್ಧಪಡಿಸುವ ಬಗೆಯೇನು ಎಂಬುದೆಲ್ಲ ಅದರಲ್ಲಿಯೂ ಅವನ ನೆನಪಿನಲ್ಲಿಯೂ ಇತ್ತು. ವೈದ್ಯಮನೆತನದ ವಿದ್ಯೆಯನ್ನು ಸಾಮಾನ್ಯವಾಗಿ ಹೊರಗಿನವರಿಗೆ ತಿಳಿಸುತ್ತಿರಲಿಲ್ಲ. ಆದರೆ ಅಚ್ಯುತನ್ ಕೊಚ್ಚಿಗೆ ಬಂದು, ತಾನು ಬಲ್ಲುದನ್ನು ಮಲೆಯಾಳದಲ್ಲಿ ಹೇಳಿ ಬರೆಯಿಸಿದನು.

ಅವನೊಡನೆ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಬ್ರಾಹ್ಮಣ ವೈದ್ಯರು ಸೇರಿದರು. ಇವರ ಮನೆಮಾತು ಕೊಂಕಣಿ. ಗೋವೆಯಲ್ಲಿ ಪೋರ್ಚುಗೀಸರ ಆಳ್ವಿಕೆ ಬಿಗಿಯಾದಾಗ ಅಲ್ಲಿಂದ ಹೊರಟ ಕೊಂಕಣಿ ಜನರು ಕರಾವಳಿಯುದ್ದಕ್ಕೂ ನೆಲೆಸಿದರು. ಕಾರವಾರ, ಮಂಗಳೂರು, ಕಾಸರಗೋಡುಗಳಲ್ಲಿ ಇಂದಿಗೂ ಅವರ ಮಾತು ಕೇಳಿಬರುತ್ತದೆ. ಕೊಚ್ಚಿಯವರೆಗೆ ಸಾಗಿದವರು ಅಲ್ಲಿನ ರಾಜರ ಆಶ್ರಯವನ್ನು ಪಡೆದರು. ಈ ಮೂವರು ಪಂಡಿತರು ಸಂಸ್ಕೃತದ ವೈದ್ಯಶಾಸ್ತ್ರವನ್ನು ಬಲ್ಲವರು. ಎರಡು ವರ್ಷಗಳ ಕಾಲ, ಬೆಳಗಿನಲ್ಲಿಯೂ ಸಂಜೆಯಲ್ಲಿಯೂ ಕುಳಿತು, ಇವರು ಗಿಡಗಳ ಗುಣಗಳನ್ನು ತಿಳಿಸಿಕೊಟ್ಟರು.

ವಿದ್ವಾಂಸರು ಒಂದೆಡೆ ಸೇರಿದಾಗ ಭಿನ್ನಾಭಿಪ್ರಾಯಗಳು ಸಹಜ. ಒಬ್ಬರು ಒಂದು ಗಿಡಕ್ಕೆ ಒಂದು ಗುಣವನ್ನು ಹೇಳಿದರೆ ಇನ್ನೊಬ್ಬರು ಒಪ್ಪುತ್ತಿರಲಿಲ್ಲ. ಆಗ ಅವರು ತಮ್ಮ ಮಾತಿಗೆ ಆಧಾರವಾಗಿ ಕಂಠಸ್ಥವಾಗಿದ್ದ ಶ್ಲೋಕಗಳನ್ನು ಹೇಳಿ ಚರ್ಚಿಸುತ್ತಿದ್ದರು. ಎಷ್ಟೇ ಬಿರುಸಾದ ಚರ್ಚೆಯಾದರೂ ಎದುರಾಳಿಯ ಗೌರವಕ್ಕೆ ಕುಂದು ಬರುವಂತೆ ಮಾತನಾಡದಿದ್ದ ಅವರ ಸೌಜನ್ಯವು ವಾನ್ ರೀಡನ ಮನಸ್ಸನ್ನು ಸೆಳೆಯಿತು. ತನ್ನ ಗ್ರಂಥದ ಮುನ್ನುಡಿಯಲ್ಲಿ ಅವನು ಇದನ್ನು ಮೆಚ್ಚಿ ಬರೆದಿದ್ದಾನೆ. ಜಾತಿಯ ಕಟ್ಟುಪಾಡುಗಳು ಅತ್ಯಂತ ಕಠಿನವಾಗಿದ್ದ ಆ ದಿನಗಳಲ್ಲಿ ಈಳವನೊಬ್ಬನ ವಿದ್ಯೆಗೂ ಬ್ರಾಹ್ಮಣರ ವಿದ್ಯೆಗೂ ಒಂದೇ ಗ್ರಂಥದಲ್ಲಿ ಸಮಾನವಾದ ಸ್ಥಾನ ದೊರೆತುದು ಸಾಮಾನ್ಯ ಸಂಗತಿಯಲ್ಲ.

ಹೀಗೆ ಹೇಳಿದುದು ಗ್ರಂಥರೂಪವನ್ನು ತಾಳುವುದಕ್ಕೆ ಹಲವು ಭಾಷೆಗಳ ಹೊಳೆಗಳನ್ನು ದಾಟಬೇಕಾಯಿತು. ಅಚ್ಯುತನ್ ಹೇಳಿದುದನ್ನು ಕಂಪನಿಯ ದುಭಾಷಿಯಾದ ಇಮ್ಯಾನುಯೆಲ್ ಕಾರ್ನೈರೊ ಬರೆದುಕೊಂಡು ಪೋರ್ಚುಗೀಸ್ ಭಾಷೆಗೆ ತಿರುಗಿಸಿದನು. ಪೋರ್ಚುಗೀಸ್ ಆಗ ಕರಾವಳಿಯ ವ್ಯಾಪಾರದ ಸಾಮಾನ್ಯ ಭಾಷೆಯಾಗಿತ್ತು. ಅಲ್ಲಿಂದ ಅದು ಲ್ಯಾಟಿನ್ನಿಗೆ ಬಂದಿತು. ಕೊಚ್ಚಿಯಲ್ಲಿದ್ದ ಕ್ಯಾಸಿಯೇರಿಯಸ್ ಎಂಬ ಡಚ್ ಪಾದ್ರಿಯು ಮೊದಲ ಸಂಪುಟಗಳ ಲ್ಯಾಟಿನ್ ಬರವಣಿಗೆಯಲ್ಲಿ ಶ್ರಮಿಸಿದನು. ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗುವಾಗ ಗಿಡದ ಹೆಸರು ತಪ್ಪಿದರೆ ಮದ್ದು ವಿಷವಾದೀತು. ಅದಕ್ಕಾಗಿ ವಾನ್ ರೀಡ್ ಗಿಡಗಳ ದೇಶೀಯ ಹೆಸರುಗಳನ್ನು ಬಿಡದೆ ಉಳಿಸಿಕೊಂಡನು. ಚಿತ್ರಗಳ ಮೇಲೆ ರೋಮನ್, ಮಲೆಯಾಳ, ಅರಬ್ಬೀ ಲಿಪಿಗಳಲ್ಲಿ ಹೆಸರುಗಳನ್ನು ಕೆತ್ತಿಸಿದನು. ಕೊಂಕಣಿಯ ಹೆಸರುಗಳನ್ನು ನಾಗರಿ ಲಿಪಿಯಲ್ಲಿ ಕೊಟ್ಟನು. ಮಲೆಯಾಳ ಲಿಪಿ ಅಚ್ಚಿನಲ್ಲಿ ಮೊದಲು ಕಾಣಿಸಿಕೊಂಡುದು ಈ ಗ್ರಂಥದಲ್ಲಿಯೇ ಎಂದು ಬಲ್ಲವರು ಹೇಳುತ್ತಾರೆ.

ಈ ನಡುವೆ ಅವನ ಸ್ವಂತ ಬದುಕಿನಲ್ಲಿ ನೆಮ್ಮದಿ ಇರಲಿಲ್ಲ. ಸಿಂಹಳದಲ್ಲಿ ಅಧಿಕಾರದಲ್ಲಿದ್ದ ವಾನ್ ಗೂನ್ಸ್ ಎಂಬ ಪ್ರಬಲ ಅಧಿಕಾರಿಗೂ ವಾನ್ ರೀಡನಿಗೂ ವಿರೋಧ ಬೆಳೆಯಿತು. ಕೊಲಂಬೊ ನಗರವೇ ಡಚ್ಚರ ಮುಖ್ಯ ನೆಲೆಯಾಗಬೇಕೆಂದು ವಾನ್ ಗೂನ್ಸ್ ಬಯಸಿದ್ದನು. ಮಲಬಾರಿನ ಹಿರಿಮೆಯನ್ನು ವಾನ್ ರೀಡ್ ಎತ್ತಿ ಹಿಡಿಯುತ್ತಿದ್ದನು. ಈ ತಿಕ್ಕಾಟದ ನಡುವೆ ವಾನ್ ರೀಡ್ 1677ರಲ್ಲಿ ಕೊಚ್ಚಿಯನ್ನು ಬಿಟ್ಟು ಬಟೇವಿಯಕ್ಕೆ, ಎಂದರೆ ಇಂದಿನ ಜಕಾರ್ತಕ್ಕೆ ತೆರಳಿದನು. ಮರುವರ್ಷ ಸ್ವದೇಶಕ್ಕೆ ಹಿಂದಿರುಗಿದನು. ಗಿಡಗಳ ನಾಡು ದೂರವಾಯಿತು. ಆದರೆ ಚಿತ್ರಗಳೂ ಬರಹಗಳೂ ಅವನ ಕೈಯಲ್ಲಿದ್ದುವು.

1678ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಗ್ರಂಥದ ಮೊದಲ ಸಂಪುಟವು ಪ್ರಕಟವಾಯಿತು. ಹಾರ್ಟಸ್ ಮಲಬಾರಿಕಸ್ ಎಂಬುದು ಅದರ ಹೆಸರು; ಮಲಬಾರಿನ ಉದ್ಯಾನ ಎಂದು ಅದರ ಅರ್ಥ. ಅಲ್ಲಿಂದ ಮುಂದೆ 1693ರವರೆಗೆ ಒಟ್ಟು 12 ಸಂಪುಟಗಳು ಹೊರಬಂದುವು. ಅವುಗಳಲ್ಲಿ 742 ಸಸ್ಯಗಳ ವರ್ಣನೆಯೂ 790ಕ್ಕೂ ಹೆಚ್ಚು ಚಿತ್ರಫಲಕಗಳೂ ಇವೆ. ದೊಡ್ಡ ಆಕಾರದ ಪುಟಗಳಲ್ಲಿ ತಾಮ್ರದ ತಗಡಿನ ಮೇಲೆ ಕೆತ್ತಿ ಅಚ್ಚು ಮಾಡಿದ ಆ ಚಿತ್ರಗಳು ಇಂದಿಗೂ ನೋಡುವವರ ಕಣ್ಣನ್ನು ತಣಿಸುತ್ತವೆ. ಪ್ರತಿಯೊಂದು ಗಿಡದ ರೂಪ, ಬೆಳೆಯುವ ಸ್ಥಳ, ರುಚಿ, ವಾಸನೆ, ಔಷಧಗುಣ ಇವುಗಳನ್ನು ಕ್ರಮವಾಗಿ ವಿವರಿಸಲಾಗಿದೆ.

ಗ್ರಂಥವು ಪೂರ್ಣಗೊಳ್ಳುವ ದಾರಿಯಲ್ಲಿ ಸಾವು ಮತ್ತೆ ಮತ್ತೆ ಅಡ್ಡ ಬಂದಿತು. ಕ್ಯಾಸಿಯೇರಿಯಸನು ಮೊದಲ ಸಂಪುಟವನ್ನು ನೋಡುವ ಮುನ್ನವೇ, 1677ರಲ್ಲಿ ತೀರಿಕೊಂಡನು. ಟಿಪ್ಪಣಿಗಳನ್ನು ಬರೆದ ಪ್ರಾಧ್ಯಾಪಕ ಸೈಯೆನ್ 1678ರಲ್ಲಿ ಕಣ್ಮುಚ್ಚಿದನು. ಆ ಕೆಲಸವನ್ನು ಮುಂದುವರಿಸಿದ ಕಾಮೆಲಿನ್ ಎಂಬ ಸಸ್ಯವಿದ್ವಾಂಸನು 1692ರಲ್ಲಿ ಮರಣ ಹೊಂದಿದನು. ವಾನ್ ರೀಡನಿಗೂ ಕೊನೆಯ ಸಂಪುಟವನ್ನು ನೋಡುವ ಭಾಗ್ಯ ಇರಲಿಲ್ಲ. ಭಾರತ, ಸಿಂಹಳಗಳಲ್ಲಿ ಕಂಪನಿಯ ನೌಕರರು ನಡೆಸುತ್ತಿದ್ದ ಲಂಚ, ಮೋಸಗಳನ್ನು ತಡೆಯಲು 1684ರಲ್ಲಿ ಕಂಪನಿಯು ಅವನನ್ನು ವಿಶೇಷಾಧಿಕಾರಿಯಾಗಿ ನೇಮಿಸಿತು. ಆಫ್ರಿಕದ ಕೇಪ್, ಬಂಗಾಳ, ಕೋರಮಂಡಲ ತೀರಗಳಲ್ಲಿ ತನಿಖೆ ನಡೆಸಿ ಅವನು ಮತ್ತೊಮ್ಮೆ ಕೊಚ್ಚಿಗೆ ಬಂದನು. ಅಲ್ಲಿಂದ ಸೂರತ್ತಿಗೆ ಹಡಗಿನಲ್ಲಿ ಹೋಗುತ್ತಿದ್ದಾಗ 1691ರ ಡಿಸೆಂಬರ್ 15ರಂದು ಸಮುದ್ರದ ಮೇಲೆಯೇ ಕೊನೆಯುಸಿರೆಳೆದನು. ಆಗ ಅವನಿಗೆ 55 ವರ್ಷ. ಸೂರತ್ತಿನ ಡಚ್ಚರ ಸ್ಮಶಾನದಲ್ಲಿ ಅವನ ಸಮಾಧಿ ಇದೆ.

ವಾನ್ ರೀಡ್ ಕಾಲವಾದ ಅರವತ್ತು ವರ್ಷಗಳ ಮೇಲೆ ಅವನ ಗ್ರಂಥಕ್ಕೆ ಹೊಸ ಬೆಲೆ ಬಂದಿತು. ಸ್ವೀಡನ್ನಿನ ಮಹಾವಿಜ್ಞಾನಿ ಲಿನೇಯಸ್ 1753ರಲ್ಲಿ ಜಗತ್ತಿನ ಸಸ್ಯಗಳಿಗೆಲ್ಲ ವೈಜ್ಞಾನಿಕ ಹೆಸರುಗಳನ್ನು ಕೊಡುವ ಗ್ರಂಥವನ್ನು ಪ್ರಕಟಿಸಿದನು. ಭಾರತಕ್ಕೆ ಬಾರದಿದ್ದ ಅವನಿಗೆ ಇಲ್ಲಿನ ಅನೇಕ ಸಸ್ಯಗಳ ವಿಷಯದಲ್ಲಿ ಹಾರ್ಟಸ್ ಮಲಬಾರಿಕಸ್ ನಂಬಲರ್ಹವಾದ ಆಧಾರವಾಯಿತು. ಅಚ್ಯುತನ್ ಹೇಳಿದ ಕೆಲವು ಹೆಸರುಗಳು ವಿಜ್ಞಾನದ ಭಾಷೆಯಲ್ಲಿಯೇ ನೆಲೆಯಾದುವು. ಬಸಳೆಗೆ ಇಂದಿಗೂ ವೈಜ್ಞಾನಿಕ ಹೆಸರು ಬಸೆಲ್ಲ. ಏಲಕ್ಕಿಯ ಕುಲನಾಮ ಎಲೆಟ್ಟೇರಿಯ. ಮಲೆಯಾಳದ ಪೊಂಗಂ ಎಂಬುದರಿಂದ ಪೊಂಗಾಮಿಯ ಎಂಬ ಹೆಸರು ಬಂದಿತು. ನಮ್ಮ ಹೊಂಗೆಯೂ ಅದೇ ಮರ. ಪಕಾರವು ಹಕಾರವಾಗುವುದು ಕನ್ನಡದ ಜಾಯಮಾನ. ಹಳಗನ್ನಡದ ಪಾಲು ಹಾಲಾದಂತೆ, ಪೂ ಹೂವಾದಂತೆ ಪೊಂಗೆಯು ಹೊಂಗೆಯಾಯಿತು. ಗ್ರಂಥದ ಮೊದಲ ಸಸ್ಯವಾದ ತೆಂಗಿನ ಹೆಸರು ಅದರಲ್ಲಿ ತೆಂಗ ಎಂದೇ ಇದೆ. ಎರಡು ಭಾಷೆಗಳು ನೆರೆಹೊರೆಯಲ್ಲಿ ಬೆಳೆದುದಕ್ಕೆ ಗಿಡಗಳೂ ಸಾಕ್ಷಿ ನುಡಿಯುತ್ತವೆ.

ಗ್ರಂಥದ ಆರನೆಯ ಸಂಪುಟದಲ್ಲಿ ಸರ್ಪಗಂಧಿಯ ಚಿತ್ರವಿದೆ. ಹಾವಿನ ಕಡಿತಕ್ಕೂ ಮನಸ್ಸಿನ ಉದ್ರೇಕಕ್ಕೂ ಅದನ್ನು ಭಾರತೀಯ ವೈದ್ಯರು ಬಳಸುತ್ತಿದ್ದರು. 1931ರಲ್ಲಿ ಕಲ್ಕತ್ತೆಯ ವೈದ್ಯರಿಬ್ಬರು ಅದು ರಕ್ತದ ಒತ್ತಡವನ್ನು ತಗ್ಗಿಸುತ್ತದೆಂದು ತೋರಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಅದರ ಬೇರಿನಿಂದ ರಿಸರ್ಪಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಹಾವಿನ ವಿಷಕ್ಕೆ ಅದು ಮದ್ದಲ್ಲ ಎಂಬುದನ್ನೂ ವಿಜ್ಞಾನವೇ ತಿಳಿಸಿತು. ಚೀನದಲ್ಲಿಯೂ ಇಂತಹುದೇ ಸಂಗತಿ ನಡೆಯಿತು. ನಾಲ್ಕನೆಯ ಶತಮಾನದ ವೈದ್ಯಗ್ರಂಥವೊಂದರ ಸುಳಿವನ್ನು ಹಿಡಿದು ತು ಯೂಯೂ ಎಂಬ ಮಹಿಳೆಯೂ ಅವರ ಸಂಗಡಿಗರೂ 1972ರ ವೇಳೆಗೆ ಒಂದು ಬಗೆಯ ಮಾಚಿಪತ್ರೆಯ ಜಾತಿಯ ಗಿಡದಿಂದ ಮಲೇರಿಯಾಕ್ಕೆ ಮದ್ದನ್ನು ಪಡೆದರು. 2015ರಲ್ಲಿ ಅವರಿಗೆ ನೊಬೆಲ್ ಬಹುಮಾನ ದೊರೆಯಿತು. ಹಿರಿಯರು ಹೇಳಿದುದೆಲ್ಲವೂ ಸತ್ಯವಲ್ಲ. ಹಾಗೆಂದು ಪರೀಕ್ಷಿಸದೆ ತಳ್ಳಿಹಾಕತಕ್ಕದ್ದೂ ಅಲ್ಲ. ಬರೆದಿಟ್ಟಿದ್ದರೆ ಮಾತ್ರ ಪರೀಕ್ಷಿಸಲು ಸಾಧ್ಯ.

ಬರೆದಿಡುವುದರಿಂದ ಇನ್ನೊಂದು ಪ್ರಯೋಜನವೂ ಉಂಟು. 1995ರಲ್ಲಿ ಅಮೆರಿಕದ ಒಂದು ವಿಶ್ವವಿದ್ಯಾಲಯಕ್ಕೆ ಅರಿಸಿನದಿಂದ ಗಾಯವನ್ನು ಮಾಯಿಸುವ ವಿಧಾನದ ಮೇಲೆ ಹಕ್ಕುಪತ್ರ ದೊರೆಯಿತು. ನಮ್ಮ ಅಡುಗೆಮನೆಯ ಅರಿಸಿನವು ಹೊಸ ಸಂಶೋಧನೆಯೆನಿಸಿತು. ಭಾರತದ ವೈಜ್ಞಾನಿಕ ಮತ್ತು ಔದ್ಯಮಿಕ ಸಂಶೋಧನಾ ಮಂಡಳಿಯು ಇದನ್ನು ಪ್ರತಿಭಟಿಸಿತು. ಅಜ್ಜಿಯರಿಗೆ ಗೊತ್ತಿತ್ತು ಎಂದರೆ ಸಾಲದು. ಲಿಖಿತ ಆಧಾರ ಬೇಕಾಗಿತ್ತು. ಹಳೆಯ ಬರಹಗಳನ್ನು ಮುಂದಿಟ್ಟ ಮೇಲೆ 1997ರಲ್ಲಿ ಆ ಹಕ್ಕುಪತ್ರ ರದ್ದಾಯಿತು.

ಈ ದೃಷ್ಟಿಯಿಂದ ನೋಡಿದಾಗ ಹಾರ್ಟಸ್ ಮಲಬಾರಿಕಸ್ ಗ್ರಂಥದ ಮೊದಲ ಸಂಪುಟದಲ್ಲಿರುವ ಕೆಲವು ಪುಟಗಳು ಅಮೂಲ್ಯವಾದುವು. 1675ರ ಏಪ್ರಿಲ್ ತಿಂಗಳಿನಲ್ಲಿ ಬರೆದ ಪ್ರಮಾಣಪತ್ರಗಳು ಅಲ್ಲಿ ಅಚ್ಚಾಗಿವೆ. ಅಚ್ಯುತನ್ ತನ್ನ ಊರು, ಮನೆತನ, ಕುಲಗಳನ್ನು ತಿಳಿಸಿ, ಈ ವಿವರಗಳನ್ನು ತಾನೇ ಕೊಟ್ಟುದಾಗಿ ತನ್ನ ನಾಡಿನ ಹಳೆಯ ಲಿಪಿಯಲ್ಲಿ ಬರೆದುಕೊಟ್ಟಿದ್ದಾನೆ. ಮೂವರು ಪಂಡಿತರು ನಾಗರಿ ಲಿಪಿಯಲ್ಲಿ ಕೊಂಕಣಿಯಲ್ಲಿ ಬರೆದಿದ್ದಾರೆ. ದುಭಾಷಿ ಕಾರ್ನೈರೊನ ಪತ್ರವೂ ಇದೆ. ಹೊರದೇಶದ ಅಧಿಕಾರಿಯಾಗಿದ್ದ ವಾನ್ ರೀಡ್ ಎಲ್ಲವನ್ನೂ ತನ್ನದೆಂದು ಹೇಳಿಕೊಂಡಿದ್ದರೆ ಅಂದು ಕೇಳುವವರು ಯಾರೂ ಇರಲಿಲ್ಲ. ಅವನು ಹಾಗೆ ಮಾಡಲಿಲ್ಲ. ಹೇಳಿದವರ ಕೈಬರಹವನ್ನೇ ಲೋಕದ ಮುಂದಿಟ್ಟನು. ಅದರಿಂದಲೇ ಇಂದು ಆ ನಾಲ್ವರು ವೈದ್ಯರ ಹೆಸರು ಉಳಿದಿದೆ. ಆದರೂ ಮರ ಹತ್ತಿದವರ, ಕಾಡು ಅಲೆದವರ ಹೆಸರುಗಳು ಉಳಿಯಲಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಗ್ರಂಥದ ಭಾಗ್ಯದಲ್ಲಿ ಇನ್ನೊಂದು ಕೊರತೆಯೂ ಇತ್ತು. ಲ್ಯಾಟಿನ್ನಿನಲ್ಲಿದ್ದ ಅದನ್ನು ಅದಕ್ಕೆ ಜ್ಞಾನವನ್ನು ಧಾರೆಯೆರೆದ ನಾಡಿನ ಜನರೇ ಓದಲಾರದೆ ಹೋದರು. ಕಲ್ಲಿಕೋಟೆ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಕೆ. ಎಸ್. ಮಣಿಲಾಲ್ ಅವರು ಈ ಕೊರತೆಯನ್ನು ನೀಗಿಸಲು ತಮ್ಮ ಬದುಕಿನ ದಶಕಗಳನ್ನೇ ಮುಡಿಪಾಗಿಟ್ಟರು. ಲ್ಯಾಟಿನ್ನನ್ನು ಕಲಿತರು, ವಾನ್ ರೀಡ್ ವರ್ಣಿಸಿದ ಗಿಡಗಳನ್ನು ಕಾಡುಗಳಲ್ಲಿ ಮತ್ತೆ ಹುಡುಕಿದರು. ಅವರ ಇಂಗ್ಲಿಷ್ ಅನುವಾದವು 2003ರಲ್ಲಿಯೂ ಮಲೆಯಾಳದ ಅನುವಾದವು 2008ರಲ್ಲಿಯೂ ಕೇರಳ ವಿಶ್ವವಿದ್ಯಾಲಯದಿಂದ ಪ್ರಕಟವಾದುವು. ಅಚ್ಯುತನ್ ಹೇಳಿದ ಮಾತುಗಳು ಅವನ ತಾಯ್ನುಡಿಗೆ ಹಿಂದಿರುಗಲು ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು.

ನಮ್ಮ ಬೇಲಿಗಳಲ್ಲಿ, ಬೆಟ್ಟಗಳಲ್ಲಿ ಬೆಳೆಯುವ ಗಿಡಗಳ ಹೆಸರನ್ನು ಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಗುರುತು ತಿಳಿಯದ ಗಿಡವನ್ನು ತಿನ್ನುವುದಾಗಲಿ, ವೈದ್ಯರನ್ನು ಕೇಳದೆ ಮದ್ದಾಗಿ ಬಳಸುವುದಾಗಲಿ ಅಪಾಯಕರ. ಆದರೆ ಗಿಡವನ್ನು ಕಣ್ಣಿಟ್ಟು ನೋಡಲು, ಅದರ ಚಿತ್ರವನ್ನು ಬರೆಯಲು, ಊರಿನಲ್ಲಿ ಅದನ್ನು ಏನೆಂದು ಕರೆಯುತ್ತಾರೆಂದು ಕೇಳಿ ತಿಳಿಯಲು ಯಾವ ಅಡ್ಡಿಯೂ ಇಲ್ಲ. ಹಾಗೆ ತಿಳಿದುದನ್ನು ಪುಸ್ತಕದಲ್ಲಿ ಬರೆದುಕೊಳ್ಳುವಾಗ ತಿಳಿಸಿದವರ ಹೆಸರನ್ನೂ ಊರನ್ನೂ ಕೆಳಗೆ ಬರೆಯಬೇಕು. ಸಿಪಾಯಿಯಾಗಿ ಬಂದು ಕೊಚ್ಚಿಯ ವೈದ್ಯರ ಮುಂದೆ ಶಿಷ್ಯನಂತೆ ಕುಳಿತ ವಾನ್ ರೀಡನಿಂದ ನಾವು ಕಲಿಯಬೇಕಾದ ಪಾಠವಿದು.